ದಿನವೂ ಎರೆಯುವ ಲೋಹವನ್ನೇ ಬಾಹ್ಯಾಕಾಶಕ್ಕೆ ಒಯ್ದು ಕರಗಿಸುವುದೇಕೆ?

ಎರಕದಮನೆ ಬರೆದರು:

ವೇದಿಕೆಯ ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ನಮ್ಮದೊಂದು ಸಣ್ಣ ಅಲ್ಯೂಮಿನಿಯಂ ಫೌಂಡ್ರಿ ಇದೆ. ಪಂಪಿನ ಹೊದಿಕೆ, ಗೇರ್‌ಬಾಕ್ಸಿನ ಮುಚ್ಚಳ ಮುಂತಾದವನ್ನು ಮರಳಿನ ಅಚ್ಚಿನಲ್ಲಿ ಎರೆಯುತ್ತೇವೆ. ಹೆಚ್ಚಾಗಿ ಬಳಸುವುದು ಎಲ್‌ಎಂ 25, ಅಂದರೆ ಸುಮಾರು ಶೇ. 7ರಷ್ಟು ಸಿಲಿಕಾನ್ ಇರುವ ಮಿಶ್ರಲೋಹ. ಕಳೆದ ತಿಂಗಳು ದಪ್ಪ ಗೋಡೆಯ ಒಂದು ತುಂಡು ಗ್ರಾಹಕರಿಂದ ವಾಪಸು ಬಂತು. ಅದನ್ನು ಗರಗಸದಲ್ಲಿ ಮೇಲಿಂದ ಕೆಳಕ್ಕೆ ಸೀಳಿ, ಎಮೆರಿ ಕಾಗದದಲ್ಲಿ ಉಜ್ಜಿ, ಆಮ್ಲ ಸವರಿ ನೋಡಿದೆ. ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಉಪ್ಪಿಟ್ಟಿನ ರವೆಯಂತೆ ದುಂಡಗಿನ ಸಣ್ಣ ಕಣಗಳಿದ್ದವು. ಅದರ ಮೇಲೆ ಗೋಡೆಯಿಂದ ನಡುವಿಗೆ ಚಾಚಿಕೊಂಡ ಉದ್ದುದ್ದ ಕಣಗಳಿದ್ದವು. ಒಂದೇ ಮೂಸೆಯಿಂದ ಒಂದೇ ಗಳಿಗೆಯಲ್ಲಿ ಸುರಿದ ಲೋಹ ಒಂದೇ ತುಂಡಿನಲ್ಲಿ ಹೀಗೆ ಎರಡು ಬಗೆಯಾದದ್ದು ಹೇಗೆ ಎಂಬುದು ನನ್ನ ಮೊದಲ ಪ್ರಶ್ನೆ.

ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳು ಅದನ್ನು ನೋಡಿ, ಇದೇ ಶೇ. 7 ಸಿಲಿಕಾನಿನ ಅಲ್ಯೂಮಿನಿಯಮ್ಮನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕರಗಿಸಿ ಹೆಪ್ಪುಗಟ್ಟಿಸಿದ್ದಾರೆ ಎಂದಳು. ಅಚ್ಚಿನೊಳಗೆ ಲೋಹ ಇಳಿಯುವುದಕ್ಕೇ ಗುರುತ್ವ ಬೇಕಾದ ಕಸುಬು ನಮ್ಮದು. ಗುರುತ್ವವೇ ಇಲ್ಲದ ಜಾಗದಲ್ಲಿ ಈ ಲೋಹದಿಂದ ಏನು ಕಲಿಯುತ್ತಾರೆ ಎಂಬುದು ಎರಡನೆಯ ಪ್ರಶ್ನೆ. ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಹರಳುಗಣ್ಣು ಬರೆದರು:

ತಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಹೆಚ್ಚುಕಡಿಮೆ ಒಂದೇ. ಅದಕ್ಕೆ ಮೊದಲು ಒಂದು ತಿದ್ದುಪಡಿ: ನಿಲ್ದಾಣವಿರುವ ಸುಮಾರು 400 ಕಿ.ಮೀ. ಎತ್ತರದಲ್ಲಿ ಭೂಮಿಯ ಸೆಳೆತ ನೆಲದ ಮೇಲಿನ ಸೆಳೆತದ ಶೇ. 90ರ ಹತ್ತಿರ ಇದ್ದೇ ಇದೆ. ಆದರೆ ನಿಲ್ದಾಣ, ಅದರೊಳಗಿನ ಕುಲುಮೆ, ಕುಲುಮೆಯೊಳಗಿನ ಲೋಹ ಎಲ್ಲವೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಒಂದರ ಭಾರ ಇನ್ನೊಂದರ ಮೇಲೆ ಬೀಳುವುದಿಲ್ಲ. ಹೀಗಾಗಿ ಕರಗಿದ ಲೋಹದಲ್ಲಿ ಹಗುರವಾದದ್ದು ತೇಲುವುದಿಲ್ಲ, ತೂಕದ್ದು ಮುಳುಗುವುದಿಲ್ಲ. ಸೂಕ್ಷ್ಮಗುರುತ್ವ ಎಂದು ಕರೆಯುವುದು ಈ ಸ್ಥಿತಿಯನ್ನೇ.

ಈಗ ತಮ್ಮ ತುಂಡಿಗೆ ಬರೋಣ. ಈ ಲೋಹ 615 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಹರಳುಗಟ್ಟಲು ತೊಡಗಿ 577 ಡಿಗ್ರಿಯ ಹತ್ತಿರ ಬಹುತೇಕ ಗಟ್ಟಿಯಾಗುತ್ತದೆ. ಈ ನಡುವಿನ ಹೊತ್ತಿನಲ್ಲಿ ಅದು ಗಂಜಿಯ ಹಾಗೆ, ಅರ್ಧ ಹರಳು ಅರ್ಧ ದ್ರವ. ಮೊದಲು ಹುಟ್ಟುವ ಅಲ್ಯೂಮಿನಿಯಂ ಹರಳುಗಳು ಕೊಂಬೆಗೆ ಕೊಂಬೆ ಒಡೆಯುವ ಪುಟ್ಟ ಮರಗಳಂತಿರುತ್ತವೆ. ಡೆಂಡ್ರೈಟ್ ಎನ್ನುವುದು ಇವನ್ನೇ. ಗೋಡೆಗೆ ಅಂಟಿ ಹುಟ್ಟಿದವು ಒಳಮುಖವಾಗಿ ಉದ್ದಕ್ಕೆ ಬೆಳೆಯುತ್ತವೆ. ದ್ರವದ ನಡುವೆ ಬಿಡಿಯಾಗಿ ಹುಟ್ಟಿದವು ಎಲ್ಲ ಕಡೆಗೂ ಸಮನಾಗಿ ಬೆಳೆಯುತ್ತವೆ, ಮತ್ತು ಸುತ್ತಲಿನ ದ್ರವಕ್ಕಿಂತ ತೂಕವಾಗಿರುವ ಕಾರಣ ನಿಧಾನವಾಗಿ ತಳಕ್ಕಿಳಿಯುತ್ತವೆ. ತಾವು ಕಂಡ ರವೆ ಹೀಗೆ ತಳಕ್ಕಿಳಿದ ಬಿಡಿ ಹರಳುಗಳ ರಾಶಿ ಎಂದು ನನ್ನ ಊಹೆ. ಇದರ ಜೊತೆಗೆ ಬಿಸಿ ದ್ರವ ಮೇಲೇರಿ ತಣ್ಣನೆಯದು ಕೆಳಗಿಳಿಯುವ ಸಂವಹನವೂ ನಡೆದಿರುತ್ತದೆ, ಸಿಲಿಕಾನ್ ಹೆಚ್ಚಿದ ದ್ರವದ ಓಡಾಟವೂ ನಡೆದಿರುತ್ತದೆ. ನೆಲದ ಮೇಲೆ ಇವೆಲ್ಲ ಏಕಕಾಲಕ್ಕೆ ನಡೆಯುವುದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಅಳೆಯಲು ಆಗುವುದಿಲ್ಲ. ಬಾಹ್ಯಾಕಾಶಕ್ಕೆ ಹೋಗುವುದು ಈ ಬಿಡಿಸುವ ಕೆಲಸಕ್ಕಾಗಿ.

ಭೌತಶಾಸ್ತ್ರದ ಮೇಷ್ಟ್ರು ಬರೆದರು:

ಹರಳುಗಣ್ಣು ಅವರು ಹೇಳಿದ್ದನ್ನು ಕಣ್ಣಾರೆ ಕಾಣಲು ಕುಲುಮೆ ಬೇಕಿಲ್ಲ. ಪಾತ್ರೆಗೆ ಕಲಾಯಿ ಹಾಕುವವರು ತವರದ ಜೊತೆ ಬಳಸುವ ನವಸಾಗರವನ್ನು 50 ಗ್ರಾಂ ತೆಗೆದುಕೊಂಡು 100 ಮಿ.ಲೀ. ನೀರಿಗೆ ಹಾಕಿ, ಪೂರ್ತಿ ಕರಗುವವರೆಗೆ ಕಾಯಿಸಿ, ಎತ್ತರದ ಗಾಜಿನ ಲೋಟಕ್ಕೆ ಬಗ್ಗಿಸಿಡಬೇಕು. ಕೈಸುಡದಷ್ಟು ಆರಿದ ಮೇಲೆ ಪಕ್ಕದಿಂದ ಮೊಬೈಲಿನ ದೀಪ ಹಿಡಿದರೆ ಜರಿಯಂಥ ಬಿಳಿ ಹರಳುಗಳು ಹುಟ್ಟಿ, ಹೊರಳುತ್ತಾ ತಳಕ್ಕೆ ಬೀಳುವುದು ಕಾಣುತ್ತದೆ. ಶಾಲೆಯಲ್ಲಿದ್ದಾಗ ಇದನ್ನು ಪ್ರತಿ ವರ್ಷವೂ ಮಾಡಿ ತೋರಿಸುತ್ತಿದ್ದೆ.

ಇದಕ್ಕಿಂತ ಸೊಗಸಾದ ಇನ್ನೊಂದು ನೋಟವಿದೆ. ಲೋಟವನ್ನು ಮಂಜುಗಡ್ಡೆಯ ತಟ್ಟೆಯ ಮೇಲಿಟ್ಟು ಬುಡದಿಂದ ಮಾತ್ರ ತಣಿಸಿದರೆ ಹರಳಿನ ಪೊದೆ ತಳದಿಂದ ಮೇಲಕ್ಕೆ ಬೆಳೆಯುತ್ತದೆ. ಸ್ವಲ್ಪ ಹೊತ್ತಿಗೆ ಆ ಪೊದೆಯಲ್ಲಿ ಅಲ್ಲಲ್ಲಿ ತೂತುಗಳಾಗಿ, ಅವುಗಳಿಂದ ಊದಿನಕಡ್ಡಿಯ ಹೊಗೆಯಂತೆ ತೆಳ್ಳನೆಯ ಎಳೆಗಳು ಮೇಲೇಳುತ್ತವೆ. ಲವಣದ ಒಂದು ಪಾಲು ಹರಳಿಗೆ ಹೋಗಿ ಉಳಿದ ನೀರು ಹಗುರವಾಗಿ, ತಣ್ಣಗಿದ್ದರೂ ಮೇಲಕ್ಕೆ ಚಿಮ್ಮುತ್ತದೆ. ಮಕ್ಕಳು ಇದಕ್ಕೆ ಜ್ವಾಲಾಮುಖಿ ಎಂದು ಹೆಸರಿಟ್ಟಿದ್ದರು. (ಮಾಡುವಾಗ ಕಿಟಕಿ ತೆರೆದಿರಲಿ, ಕಾಯಿಸುವಾಗ ಬರುವ ಆವಿ ಗಂಟಲಿಗೆ ಒಳ್ಳೆಯದಲ್ಲ.)

ಟರ್ಬೈನ್ ಬರೆದರು:

ಮೇಷ್ಟ್ರ ಜ್ವಾಲಾಮುಖಿಯಿಂದ ನಾನು ಹತ್ತು ವರ್ಷ ನಿದ್ದೆಗೆಟ್ಟಿದ್ದೇನೆ. ಬೆಂಗಳೂರಿನಲ್ಲಿ ಜೆಟ್ ಎಂಜಿನ್ನಿನ ಬ್ಲೇಡುಗಳ ತಪಾಸಣೆ ನನ್ನ ಕೆಲಸವಾಗಿತ್ತು. ನಿಕ್ಕಲ್ ಆಧಾರಿತ ಸೂಪರ್‌ಅಲಾಯ್‌ನ, ಅಂದರೆ ಭಾರೀ ಶಾಖ ತಾಳುವ ಮಿಶ್ರಲೋಹದ ಬ್ಲೇಡುಗಳನ್ನು ಎರೆಯುವಾಗ ಅಚ್ಚನ್ನು ಕುಲುಮೆಯಿಂದ ನಿಮಿಷಕ್ಕೆ ಕೆಲವೇ ಮಿಲಿಮೀಟರ್ ವೇಗದಲ್ಲಿ ಕೆಳಕ್ಕೆ ಎಳೆಯುತ್ತಾರೆ. ಲೋಹ ಬುಡದಿಂದ ಮೇಲಕ್ಕೆ ಹೆಪ್ಪುಗಟ್ಟುತ್ತಾ ಹೋಗಿ ಇಡೀ ಬ್ಲೇಡು ಒಂದೇ ಹರಳಾಗಬೇಕು. ಆದರೆ ಟಂಗ್‌ಸ್ಟನ್, ರೀನಿಯಂ ಮುಂತಾದ ಭಾರದ ಧಾತುಗಳು ಡೆಂಡ್ರೈಟಿನ ಒಡಲಿಗೆ ಸೇರಿಕೊಳ್ಳುತ್ತವೆ, ಅಲ್ಯೂಮಿನಿಯಂನಂಥ ಹಗುರ ಧಾತುಗಳು ಕೊಂಬೆಗಳ ನಡುವಿನ ದ್ರವದಲ್ಲಿ ಉಳಿಯುತ್ತವೆ. ಹೀಗೆ ತಳದಲ್ಲಿ ಹಗುರ ದ್ರವ, ಅದರ ಮೇಲೆ ಭಾರದ ದ್ರವ ಎಂಬ ತಲೆಕೆಳಗಾದ ಸ್ಥಿತಿ ಉಂಟಾಗುತ್ತದೆ. ಹಗುರ ದ್ರವ ಮೇಲಕ್ಕೆ ನುಗ್ಗುವಾಗ ಕೊಂಬೆಗಳನ್ನು ಮುರಿದುಕೊಂಡು ಹೋಗುತ್ತದೆ. ಆಮ್ಲದಲ್ಲಿ ಅದ್ದಿ ತೆಗೆದ ಬ್ಲೇಡಿನ ಮೈಮೇಲೆ ಸಾಸಿವೆ ಚೆಲ್ಲಿದಂತೆ ಸಣ್ಣ ಹರಳುಗಳ ಒಂದು ಸಾಲು ನೇರವಾಗಿ ಮೇಲಕ್ಕೆ ಹೋಗಿರುವುದು ಕಾಣಿಸಿತೆಂದರೆ ಆ ಬ್ಲೇಡು ಗುಜರಿಗೆ. ಇದಕ್ಕೆ ಫ್ರೆಕಲ್ ಎನ್ನುತ್ತಾರೆ.

ನಮ್ಮ ದೇಶಕ್ಕೂ ಇದು ದೂರದ ಮಾತಲ್ಲ. 2021ರಲ್ಲಿ ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ (ಡಿಎಂಆರ್‌ಎಲ್) ತಾನು ರೂಪಿಸಿದ ಒಂಟಿಹರಳಿನ ಬ್ಲೇಡುಗಳಲ್ಲಿ 60ನ್ನು ಹೆಲಿಕಾಪ್ಟರ್ ಎಂಜಿನ್ನಿಗಾಗಿ ಎಚ್‌ಎಎಲ್‌ಗೆ ಕೊಟ್ಟಿತು.

ಬಿಸಿಲುಕುದುರೆ ಬರೆದರು:

ಇಷ್ಟರವರೆಗಿನ ವಿವರಣೆಯಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಇದರಿಂದ ಹೊರಟ ತೀರ್ಮಾನದ ಬಗ್ಗೆ ನನಗೆ ಸಂಶಯವಿದೆ. 1970ರ ದಶಕದಿಂದಲೂ ಬಾಹ್ಯಾಕಾಶದಲ್ಲಿ ಕಾರ್ಖಾನೆ, ನೆಲದ ಮೇಲೆ ಬೆರೆಯದ ಲೋಹಗಳು ಅಲ್ಲಿ ಬೆರೆಯುತ್ತವೆ, ದೋಷವಿಲ್ಲದ ಮಿಶ್ರಲೋಹ ಅಲ್ಲಿಂದ ಇಳಿದು ಬರುತ್ತದೆ ಎಂಬ ಮಾತುಗಳನ್ನು ಕೇಳುತ್ತಲೇ ಇದ್ದೇವೆ. ಅರ್ಧ ಶತಮಾನ ಕಳೆದರೂ ಅಲ್ಲಿ ಎರೆದ ಒಂದು ಬೋಲ್ಟು ಕೂಡ ಅಂಗಡಿಗೆ ಬಂದಿಲ್ಲ. ಎರಕದಮನೆ ಅವರ ಗೋಡೆಯೊಳಗೆ ಹರಳು ತಳಕ್ಕಿಳಿಯಿತು ಎಂದು ತಿಳಿಯಲು ರಾಕೆಟ್ಟು ಹಾರಿಸಬೇಕಿತ್ತೇ?

ಹರಳುಗಣ್ಣು ಬರೆದರು:

ಕಾರ್ಖಾನೆಯ ಮಾತಿಗೆ ನಾನೂ ಸಹಮತ. ಅದರ ಸೋಲನ್ನು ಬಿಸಿಲುಕುದುರೆ ಅವರಿಗಿಂತ ಖಚಿತವಾಗಿ ಹೇಳಬಲ್ಲೆ. ಅಲ್ಯೂಮಿನಿಯಂ ಮತ್ತು ಇಂಡಿಯಂ ಕರಗಿದ ಸ್ಥಿತಿಯಲ್ಲಿ ಎಣ್ಣೆ-ನೀರಿನಂತೆ ಬೇರೆಯಾಗುವ ಜೋಡಿ. ಭಾರದ ಇಂಡಿಯಂ ತಳಕ್ಕಿಳಿಯದಂತೆ ತಡೆದರೆ ಎರಡೂ ಹದವಾಗಿ ಹರಡಿ ಗಟ್ಟಿಯಾಗುತ್ತವೆ ಎಂದು ನಂಬಿ 1970ರ ದಶಕದ ಕೊನೆಯಲ್ಲಿ ಸೌಂಡಿಂಗ್ ರಾಕೆಟ್ಟುಗಳಲ್ಲಿ (ಕಕ್ಷೆ ಸೇರದೆ ಮೇಲೇರಿ ಮರಳಿ ಬೀಳುವ ಸಣ್ಣ ರಾಕೆಟ್ಟುಗಳು) ಪ್ರಯೋಗ ಮಾಡಿದರು. ಕೆಳಗೆ ತಂದು ಸೀಳಿ ನೋಡಿದರೆ ಅಲ್ಯೂಮಿನಿಯಂ ನಡುವೆ, ಇಂಡಿಯಂ ಅದರ ಸುತ್ತ ಸಿಪ್ಪೆಯಂತೆ! ಗುರುತ್ವ ಹಿಂದೆ ಸರಿದಾಗ ಅಷ್ಟು ದಿನ ಅದರ ನೆರಳಿನಲ್ಲಿದ್ದ ಬೇರೆ ಬಲಗಳು ಮುಂದೆ ಬಂದವು. ಮೂಸೆಯ ಗೋಡೆಯನ್ನು ಯಾವ ದ್ರವ ಹೆಚ್ಚು ನೆನೆಸುತ್ತದೆ, ಬಿಸಿ ಕಡೆಗೂ ತಣ್ಣನೆಯ ಕಡೆಗೂ ಮೇಲ್ಮೈ ಸೆಳೆತ ಎಷ್ಟು ಬೇರೆ ಎಂಬುದರ ಮೇಲೆ ಹನಿಗಳು ತಾವೇ ಚಲಿಸಿದವು. ನನ್ನ ಎಣಿಕೆಯಲ್ಲಿ ಆ ಕ್ಷೇತ್ರದ ಅತ್ಯಂತ ಉಪಯುಕ್ತ ಸೋಲು ಅದು. ಅಲ್ಲಿ ಲೋಹ ತಯಾರಿಸುವ ಆಸೆ ಬಿಟ್ಟು, ಅಲ್ಲಿ ಅಳೆದು ಇಲ್ಲಿ ತಯಾರಿಸುವ ದಾರಿ ಹಿಡಿಯಲು ಇಂಥವೇ ಕಾರಣವಾದವು.

ಅಳತೆ ಎಂದರೆ ಏನು ಎಂಬುದಕ್ಕೆ ಒಂದೇ ಉದಾಹರಣೆಯನ್ನು ತುಸು ವಿವರವಾಗಿ ಹೇಳುತ್ತೇನೆ. ಡೆಂಡ್ರೈಟಿನ ತುದಿ ಎಷ್ಟು ವೇಗವಾಗಿ ಬೆಳೆಯುತ್ತದೆ? ಸೋವಿಯತ್ ವಿಜ್ಞಾನಿ ಇವಾಂತ್ಸೊವ್ 1947ರಲ್ಲಿ ಇದಕ್ಕೆ ಗಣಿತದ ಪರಿಹಾರ ಕೊಟ್ಟರು. ಆದರೆ ಅವರ ಸೂತ್ರದಿಂದ ದೊರೆಯುವುದು ತುದಿಯ ವೇಗ ಮತ್ತು ತುದಿಯ ದುಂಡಿನ ತ್ರಿಜ್ಯ, ಇವೆರಡರ ಗುಣಲಬ್ಧ ಮಾತ್ರ. ಚೂಪಾದ ತುದಿ ವೇಗವಾಗಿ ಬೆಳೆಯಲಿ, ಮೊಂಡಾದ ತುದಿ ನಿಧಾನವಾಗಿ ಬೆಳೆಯಲಿ, ಸೂತ್ರಕ್ಕೆ ಎರಡೂ ಸರಿ. ಪ್ರಕೃತಿ ಆರಿಸುವುದು ಯಾವುದನ್ನು ಎಂಬುದಕ್ಕೆ ಮುಂದಿನ ದಶಕಗಳಲ್ಲಿ ಹಲವು ಸಿದ್ಧಾಂತಗಳು ಬಂದವು. ಅವೆಲ್ಲವೂ ಶಾಖ ವಿಸರಣೆಯಿಂದ ಮಾತ್ರ ಸಾಗುತ್ತದೆ, ದ್ರವ ಅಲುಗಾಡುವುದಿಲ್ಲ ಎಂದು ಇಟ್ಟುಕೊಂಡಿದ್ದವು. ನೆಲದ ಮೇಲಿನ ಯಾವ ಪಾತ್ರೆಯಲ್ಲೂ ದ್ರವ ಸುಮ್ಮನಿರುವುದಿಲ್ಲವಾದ್ದರಿಂದ ಅವುಗಳಲ್ಲಿ ಯಾವುದನ್ನೂ ಸರಿಯಾಗಿ ಪರೀಕ್ಷಿಸುವಂತಿರಲಿಲ್ಲ.

ಅಮೆರಿಕದ ರೆನ್ಸೆಲೇರ್ ಪಾಲಿಟೆಕ್ನಿಕ್ ಸಂಸ್ಥೆಯ ಮಾರ್ಟಿನ್ ಗ್ಲಿಕ್ಸ್‌ಮನ್ ಇದಕ್ಕಾಗಿ ಸಕ್ಸಿನೋನೈಟ್ರೈಲ್ ಎಂಬ ಮೇಣದಂಥ ವಸ್ತುವನ್ನು ಬಳಸಿದರು. ಅದು ಸುಮಾರು 58 ಡಿಗ್ರಿಯಲ್ಲಿ ಕರಗುತ್ತದೆ, ಲೋಹದಂತೆಯೇ ಡೆಂಡ್ರೈಟಾಗಿ ಹರಳುಗಟ್ಟುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಪಾರದರ್ಶಕವಾಗಿದೆ. ಕೊಲಂಬಿಯಾ ನೌಕೆಯಲ್ಲಿ 1994ರ ಮಾರ್ಚ್‌ನಲ್ಲಿ, ಮತ್ತೆ 1996ರ ಫೆಬ್ರವರಿಯಲ್ಲಿ ಅದರ ಹರಳುಗಳು ಬೆಳೆಯುವುದನ್ನು ಚಿತ್ರೀಕರಿಸಿದರು. ಮೂರನೆಯ ಬಾರಿ, 1997ರ ನವೆಂಬರ್‌ನಲ್ಲಿ, ಪಿವಾಲಿಕ್ ಆಮ್ಲ ಎಂಬ ಇನ್ನೊಂದು ಪಾರದರ್ಶಕ ವಸ್ತುವನ್ನು ಬಳಸಿದರು. ಆ ಯಾನ ಕಲ್ಪನಾ ಚಾವ್ಲಾ ಅವರ ಮೊದಲ ಬಾಹ್ಯಾಕಾಶ ಯಾನವೂ ಹೌದು. ಕಂಡದ್ದೇನೆಂದರೆ, ದ್ರವವನ್ನು ಕರಗುಬಿಂದುವಿಗಿಂತ ಸ್ವಲ್ಪವೇ ಕೆಳಕ್ಕೆ ತಣಿಸಿದಾಗ ನೆಲದ ಮೇಲಿನ ಹರಳು ಬಾಹ್ಯಾಕಾಶದ ಹರಳಿಗಿಂತ ಎದ್ದುಕಾಣುವಷ್ಟು ಬೇಗ ಬೆಳೆಯುತ್ತದೆ. ಹರಳು ಬಿಡುವ ಶಾಖವನ್ನು ಮೇಲೇಳುವ ದ್ರವ ಹೊತ್ತೊಯ್ಯುವುದೇ ಕಾರಣ. ಅದರಲ್ಲೂ ಕೆಳಮುಖವಾದ ತುದಿಗೆ ಎದುರಿನಿಂದ ತಾಜಾ ತಣ್ಣನೆಯ ದ್ರವ ಸಿಗುವುದರಿಂದ ಅದರ ಓಟ ಹೆಚ್ಚು. ಇನ್ನೂ ಆಳಕ್ಕೆ ತಣಿಸಿದಾಗ ಹರಳೇ ದ್ರವದ ಹರಿವಿಗಿಂತ ವೇಗವಾಗಿ ಸಾಗಿ ಎರಡೂ ಕಡೆಯ ಅಂಕಿಗಳು ಹತ್ತಿರವಾಗುತ್ತವೆ. ಗುರುತ್ವ ಎಲ್ಲಿಯವರೆಗೆ ಲೆಕ್ಕಕ್ಕೆ ಬರುತ್ತದೆ, ಎಲ್ಲಿಂದಾಚೆ ಬಿಟ್ಟರೂ ನಡೆಯುತ್ತದೆ ಎಂಬ ಗೆರೆ ಹೀಗೆ ಸಿಕ್ಕಿತು. ಇದನ್ನು ನೆಲದ ಮೇಲೆ ಎಷ್ಟು ಜಾಣತನದಿಂದಲೂ ಪಡೆಯಲು ಸಾಧ್ಯವಿರಲಿಲ್ಲ.

ಭೌತಶಾಸ್ತ್ರದ ಮೇಷ್ಟ್ರು ಬರೆದರು:

ಪಾರದರ್ಶಕ ವಸ್ತುಗಳ ಮಾತು ಬಂದದ್ದರಿಂದ ಒಂದು ಸಣ್ಣ ಸೇರ್ಪಡೆ. ಫ್ರಾನ್ಸಿನವರು ರೂಪಿಸಿ 2009ರಲ್ಲಿ ನಿಲ್ದಾಣಕ್ಕೆ ಹೋದ ಡೆಕ್ಲಿಕ್ ಎಂಬ ಉಪಕರಣದಲ್ಲಿ ಇದೇ ಸಕ್ಸಿನೋನೈಟ್ರೈಲ್‌ಗೆ ಚಿಟಿಕೆಗಿಂತ ಕಡಿಮೆ ಕರ್ಪೂರ ಬೆರೆಸಿ ಮಿಶ್ರಲೋಹದ ಬದಲಿಯಾಗಿ ಬಳಸಿದರು. ಮುಂದೊತ್ತುವ ಹರಳಿನ ಅಂಚನ್ನು ಎದುರಿನಿಂದ ನೋಡಿದರೆ ಜೇನುಗೂಡಿನ ಕೋಣೆಗಳಂತೆ ಕಾಣುತ್ತದೆ. ಆ ಕೋಣೆಗಳು ಉಸಿರಾಡಿದಂತೆ ಒಂದಾದ ಮೇಲೊಂದು ಹಿಗ್ಗಿ ಕುಗ್ಗುವುದನ್ನು ಅಲ್ಲಿ ಕಂಡರು. ನಮ್ಮ ಮನೆಯಲ್ಲಿ ಕರ್ಪೂರಕ್ಕೆ ಆರತಿ ಬಿಟ್ಟು ಬೇರೆ ಕೆಲಸವಿರಲಿಲ್ಲ.

ಎರಕದಮನೆ ಬರೆದರು:

ಎಲ್ಲರಿಗೂ ಕೃತಜ್ಞತೆಗಳು. ಮೇಣ, ಕರ್ಪೂರ ಎಲ್ಲವೂ ಸರಿ, ನನ್ನ ಎಲ್‌ಎಂ 25ರ ಗತಿ ಏನಾಯಿತು? ಅಲ್ಲಿ ಅಳೆದ ಅಂಕಿ ನನ್ನ ಮರಳಚ್ಚಿಗೆ ಯಾವ ದಾರಿಯಲ್ಲಿ ತಲುಪುತ್ತದೆ?

ಹರಳುಗಣ್ಣು ಬರೆದರು:

ತಮ್ಮ ಮಗಳು ಹೇಳಿದ್ದು ಯೂರೋಪಿನ ಸೆಟ್‌ಸಾಲ್ ಮತ್ತು ಮೈಕಾಸ್ಟ್ ಎಂಬ ಎರಡು ಪ್ರಯೋಗಮಾಲೆಗಳ ವಿಷಯವಿರಬೇಕು. 2009ರ ಆಗಸ್ಟ್‌ನಲ್ಲಿ ಡಿಸ್ಕವರಿ ನೌಕೆ ಲೋಹವಿಜ್ಞಾನದ ಒಂದು ಕಪಾಟನ್ನೇ ನಿಲ್ದಾಣದ ಡೆಸ್ಟಿನಿ ಘಟಕಕ್ಕೆ ಒಯ್ದಿತು. ಅದರೊಳಗಿನ ಕುಲುಮೆಗಳಲ್ಲಿ ಬೆರಳಿಗಿಂತ ತೆಳ್ಳಗಿನ ಶೇ. 7 ಸಿಲಿಕಾನಿನ ಸರಳುಗಳನ್ನು ಒಂದು ತುದಿಯಿಂದ ಹೆಪ್ಪುಗಟ್ಟಿಸಿದರು. ಸೆಟ್‌ಸಾಲ್ ಕೇಳಿದ್ದು ತಮ್ಮ ಪ್ರಶ್ನೆಯನ್ನೇ: ಉದ್ದನೆಯ ಕಣಗಳ ಬೆಳವಣಿಗೆ ನಿಂತು ದುಂಡು ಕಣಗಳು ಶುರುವಾಗುವುದು ಯಾವ ಉಷ್ಣತೆಯ ಇಳಿಜಾರಿನಲ್ಲಿ, ಯಾವ ವೇಗದಲ್ಲಿ? ಮೈಕಾಸ್ಟ್ ತಂಡದವರು ಇನ್ನೊಂದು ಜಾಣತನ ಮಾಡಿದರು. ಗುರುತ್ವದ ಹರಿವು ಇಲ್ಲದ ಕಡೆ ತಿರುಗುವ ಕಾಂತಕ್ಷೇತ್ರದಿಂದ ತಮಗೆ ಬೇಕಾದಷ್ಟನ್ನು ಮಾತ್ರ ಕಲಕಿ, ಹರಿವು ಇಷ್ಟಿದ್ದರೆ ಡೆಂಡ್ರೈಟಿನ ಕೊಂಬೆಗಳ ಅಂತರ ಇಷ್ಟು ಎಂದು ಜೋಡಿಸಿ ನೋಡಿದರು. ಸಂತೆಯ ಗದ್ದಲ ನಿಲ್ಲಿಸಿ ಒಂದೊಂದೇ ದನಿಯನ್ನು ಕೇಳಿದ ಹಾಗೆ.

ತಲುಪುವ ದಾರಿ ಕಂಪ್ಯೂಟರ್ ಮೂಲಕ. ದೊಡ್ಡ ಫೌಂಡ್ರಿಗಳು ಅಚ್ಚು ಕಟ್ಟುವ ಮೊದಲೇ ಲೋಹ ಹೇಗೆ ತುಂಬುತ್ತದೆ, ಎಲ್ಲಿ ಕೊನೆಗೆ ಗಟ್ಟಿಯಾಗುತ್ತದೆ, ರೈಸರ್ (ಕುಗ್ಗುವ ಎರಕಕ್ಕೆ ದ್ರವ ಉಣಿಸುವ ಹೆಚ್ಚುವರಿ ಲೋಹದ ಭಾಗ) ಎಲ್ಲಿಡಬೇಕು ಎಂದು ಲೆಕ್ಕ ಹಾಕುವ ತಂತ್ರಾಂಶ ಬಳಸುತ್ತವೆ. ಅದರಲ್ಲಿ ಹರಳಿನ ಬೆಳವಣಿಗೆಗೆ ಒಂದು ಸಮೀಕರಣ, ಹರಿವಿಗೆ ಇನ್ನೊಂದು ಇರುತ್ತದೆ. ಎರಡನ್ನೂ ನೆಲದ ಮೇಲಿನ ಎರಕಕ್ಕೆ ಹೋಲಿಸಿ ಹೊಂದಿಸಿದರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಹರಿವಿಲ್ಲದ ಸರಳಿಗೆ ಹೋಲಿಸಿದರೆ ಮೊದಲ ಸಮೀಕರಣದ ತಪ್ಪು ಬತ್ತಲಾಗುತ್ತದೆ.

ಅಷ್ಟೇ ಅಲ್ಲ, ಆ ಸಮೀಕರಣಗಳಿಗೆ ಕರಗಿದ ಲೋಹದ ಸ್ನಿಗ್ಧತೆ (ಹರಿವಿಗೆ ಒಡ್ಡುವ ತಡೆ), ಮೇಲ್ಮೈ ಸೆಳೆತ ಮುಂತಾದ ಅಂಕಿಗಳೂ ಬೇಕು. 2014ರಲ್ಲಿ ಎಟಿವಿ-5 ಸರಕುನೌಕೆಯಲ್ಲಿ ಹೋದ ವಿದ್ಯುತ್ಕಾಂತೀಯ ತೇಲುಕುಲುಮೆಯಲ್ಲಿ ಕಡಲೆಕಾಳಿನ ಗಾತ್ರದ ಲೋಹದ ಗುಂಡನ್ನು ಯಾವ ಪಾತ್ರೆಗೂ ತಾಗದಂತೆ ಸುರುಳಿಯ ನಡುವೆ ನಿಲ್ಲಿಸಿ ಕರಗಿಸುತ್ತಾರೆ. ಆ ಹನಿಯನ್ನು ಒಮ್ಮೆ ಹಿಸುಕಿ ಬಿಟ್ಟರೆ ಅದು ಅದುರುತ್ತದೆ: ಅದುರುವಿಕೆಯ ಆವರ್ತನದಿಂದ ಮೇಲ್ಮೈ ಸೆಳೆತ, ಅದು ಅಡಗುವ ಬಗೆಯಿಂದ ಸ್ನಿಗ್ಧತೆ. ನೆಲದ ಮೇಲೆ ಹನಿಯನ್ನು ಎತ್ತಿಹಿಡಿಯಲು ಬೇಕಾದ ಬಲವಾದ ಕ್ಷೇತ್ರವೇ ಅದನ್ನು ಕಾಯಿಸಿ, ಕಲಕಿ, ಆಕಾರ ಕೆಡಿಸಿಬಿಡುತ್ತದೆ.

ಬಿಸಿಲುಕುದುರೆ ಬರೆದರು:

ಅಳತೆಯ ವಾದವನ್ನು ಒಪ್ಪುತ್ತೇನೆ. ಕಾರ್ಖಾನೆಯ ವಾದಕ್ಕಿಂತ ಅದು ಎಷ್ಟೋ ಪ್ರಾಮಾಣಿಕವಾದದ್ದು. ಆದರೂ ಎರಡು ತಕರಾರು ಉಳಿದಿವೆ. ಲೋಹ ಗಟ್ಟಿಯಾಗುವಾಗ ಕುಗ್ಗುತ್ತದೆ, ಕುಗ್ಗಿದ ಜಾಗಕ್ಕೆ ದ್ರವ ಹರಿದುಬರಲೇಬೇಕು, ಆದ್ದರಿಂದ ಅಲ್ಲಿಯೂ ಹರಿವು ಸೊನ್ನೆಯಲ್ಲ. ಎರಡನೆಯದು, ವರ್ಷಕ್ಕೆ ಬೆರಳೆಣಿಕೆಯ ಸರಳುಗಳಿಂದ ನಿಯಮ ಕಟ್ಟುವುದು ಹೇಗೆ? ಎರಕದಮನೆ ಅವರು ಒಂದು ಮಧ್ಯಾಹ್ನದಲ್ಲಿ ಅದಕ್ಕಿಂತ ಹೆಚ್ಚು ತುಂಡು ಎರೆಯುತ್ತಾರೆ.

ಹರಳುಗಣ್ಣು ಬರೆದರು:

ಮೊದಲನೆಯದು ನಿಜ. ಜೊತೆಗೆ ಗಗನಯಾತ್ರಿಗಳ ವ್ಯಾಯಾಮ, ಪಂಪುಗಳ ಓಟದಿಂದಾಗುವ ಅದುರುವಿಕೆ ಕೂಡ ಅಲ್ಲಿದೆ. ಆದರೆ ಕುಗ್ಗುವಿಕೆಯ ಹರಿವನ್ನು ಲೆಕ್ಕಹಾಕಬಹುದು, ಸಂವಹನದಷ್ಟು ಅದು ಗೋಜಲಲ್ಲ. ಎರಡನೆಯದಕ್ಕೆ ನನ್ನ ಬಳಿ ಪೂರ್ಣ ಸಮಾಧಾನವಿಲ್ಲ. ಮಾದರಿಗಳ ಕೊರತೆ ಈ ಕ್ಷೇತ್ರದ ನಿಜವಾದ ದೌರ್ಬಲ್ಯ. 1997ರ ಏಪ್ರಿಲ್‌ನಲ್ಲಿ ಇಂಥ ಹಲವು ಪ್ರಯೋಗಗಳನ್ನು ಹೊತ್ತ ಕೊಲಂಬಿಯಾ ನೌಕೆಯ ಎಸ್‌ಟಿಎಸ್-83 ಯಾನ ಇಂಧನ ಕೋಶದ ತೊಂದರೆಯಿಂದ ನಾಲ್ಕೇ ದಿನಕ್ಕೆ ಇಳಿಯಬೇಕಾಯಿತು. ಅದೇ ಏಳು ಮಂದಿ ಅದೇ ಸಾಮಗ್ರಿಯೊಂದಿಗೆ ಜುಲೈನಲ್ಲಿ ಎಸ್‌ಟಿಎಸ್-94 ಆಗಿ ಮತ್ತೆ ಹೋದರು. ಅಂಥ ಎರಡನೆಯ ಅವಕಾಶ ಸಿಗುವುದು ಅಪರೂಪ. ಅದಕ್ಕೇ ಸೂಕ್ಷ್ಮಗುರುತ್ವ ಆರು ನಿಮಿಷ ಸಿಗುವ ಸೌಂಡಿಂಗ್ ರಾಕೆಟ್ಟು, ಕವಣೆಯಿಂದ ಮೇಲಕ್ಕೆ ಚಿಮ್ಮಿಸಿದರೆ ಒಂಬತ್ತು ಸೆಕೆಂಡಿಗೂ ಮೀರಿ ಸಿಗುವ ಜರ್ಮನಿಯ ಬ್ರೆಮೆನ್‌ನ ಬೀಳುಗೋಪುರ ಇವನ್ನೂ ಬಿಡದೆ ಬಳಸುತ್ತಾರೆ. 2012ರ ಫೆಬ್ರವರಿಯಲ್ಲಿ ಸ್ವೀಡನ್ನಿನಿಂದ ಹಾರಿದ ಮೇಸರ್-12 ರಾಕೆಟ್ಟಿನಲ್ಲಿ ಅಲ್ಯೂಮಿನಿಯಂ-ತಾಮ್ರದ ಮಿಶ್ರಲೋಹ ಹೆಪ್ಪುಗಟ್ಟುವುದನ್ನು ಎಕ್ಸ್-ಕಿರಣದಲ್ಲಿ ನೇರವಾಗಿ ಚಿತ್ರೀಕರಿಸಿದರು.

ಟರ್ಬೈನ್ ಬರೆದರು:

ನಮ್ಮವರ ಪ್ರಯತ್ನವನ್ನೂ ನೆನೆಯಬೇಕು. 2007ರ ಜನವರಿ 10ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ7ರಲ್ಲಿ ಹೋದ ಎಸ್‌ಆರ್‌ಇ-1 ಎಂಬ ಸುಮಾರು 550 ಕಿಲೋ ತೂಕದ ಸಂಪುಟ 12 ದಿನ ಕಕ್ಷೆಯಲ್ಲಿದ್ದು ಜನವರಿ 22ರಂದು ಬಂಗಾಳ ಕೊಲ್ಲಿಯಲ್ಲಿ ಇಳಿಯಿತು. ಎಲ್ಲರೂ ಅದನ್ನು ಮರಳಿ ತರುವ ತಂತ್ರಕ್ಕಾಗಿ ನೆನೆಯುತ್ತಾರೆ. ಅದರೊಳಗೆ ಒಂದು ಪುಟ್ಟ ಕುಲುಮೆಯೂ ಇತ್ತು. ಲೋಹ ಕರಗಿ ಹರಳುಗಟ್ಟುವುದನ್ನು ಅಭ್ಯಸಿಸುವ ಆ ಪ್ರಯೋಗವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ ಕೂಡಿ ರೂಪಿಸಿದ್ದವು.

ಹರಳುಗಣ್ಣು ಬರೆದರು:

ಎರಕದಮನೆ ಅವರಿಗೆ ಒಂದು ಪ್ರಶ್ನೆ ಕೇಳುವುದನ್ನೇ ಮರೆತಿದ್ದೆ. ಕಣ ಸಣ್ಣದಾಗಲು ಟೈಟಾನಿಯಂ-ಬೋರಾನ್ ಸರಳು ಹಾಕುತ್ತೀರಲ್ಲವೇ? ಹಾಕಿದ ಮೇಲೆ ಎಷ್ಟು ಹೊತ್ತಿಗೆ ಲೋಹ ಸುರಿದಿರಿ?

ಎರಕದಮನೆ ಬರೆದರು:

ಹಾಕುತ್ತೇವೆ. ಸಾಮಾನ್ಯವಾಗಿ ಹತ್ತು-ಹದಿನೈದು ನಿಮಿಷದೊಳಗೆ ಸುರಿಯುತ್ತೇವೆ. ಆ ದಿನದ ಪುಸ್ತಕ ತೆಗೆದು ನೋಡಿದೆ. ಸರಳು ಹಾಕಿದ ಮೇಲೆ ಒಂದು ಅಚ್ಚು ಕುಸಿದು, ಅದನ್ನು ಮತ್ತೆ ಕಟ್ಟಿ, ನಡುವೆ ಊಟವೂ ಆಗಿ, ಸುರಿದದ್ದು ಒಂದೂವರೆ ಗಂಟೆಯ ಮೇಲೆ.

ಹರಳುಗಣ್ಣು ಬರೆದರು:

ಹಾಗಾದರೆ ಗುರುತ್ವ ತಮ್ಮನ್ನು ಎರಡು ಬಾರಿ ಕಾಡಿದೆ. ಆ ಸರಳಿನಲ್ಲಿ ಕೆಲಸ ಮಾಡುವುದು ಟೈಟಾನಿಯಂ ಡೈಬೋರೈಡಿನ ಅತಿ ಸಣ್ಣ ಕಣಗಳು. ಹೊಸ ಹರಳುಗಳು ಮೊಳೆಯುವುದು ಅವುಗಳ ಮೇಲೆ. ಕರಗಿದ ಅಲ್ಯೂಮಿನಿಯಮ್ಮಿಗಿಂತ ಅವು ಸುಮಾರು ಎರಡು ಪಟ್ಟು ಸಾಂದ್ರ. ಒಂದೂವರೆ ಗಂಟೆ ಕಲಕದೆ ಬಿಟ್ಟರೆ ಬಹುಪಾಲು ಮೂಸೆಯ ತಳ ಸೇರುತ್ತವೆ. ಅಚ್ಚಿಗೆ ಬಂದ ಲೋಹದಲ್ಲಿ ಮೊಳಕೆಗಳು ಕಡಿಮೆಯಾದವು, ಹುಟ್ಟಿದ ಕೆಲವೇ ಬಿಡಿ ಹರಳುಗಳೂ ತಳಕ್ಕಿಳಿದವು, ಮೇಲಿನ ಜಾಗ ಗೋಡೆಯಿಂದ ಬೆಳೆದ ಉದ್ದ ಕಣಗಳ ಪಾಲಾಯಿತು. ಸುರಿಯುವ ಮೊದಲು ತಳದಿಂದ ನಿಧಾನವಾಗಿ, ಮೇಲಿನ ಆಕ್ಸೈಡ್ ಪೊರೆ ಒಳಗೆ ಸೇರದಂತೆ ಕಲಕಿ ನೋಡಿ. ತೀರಾ ತಡವಾಗಿದ್ದರೆ ಹೊಸ ಸರಳು ಹಾಕಿ.

ಎರಕದಮನೆ ಬರೆದರು:

ನಿನ್ನೆ ಅದೇ ಅಚ್ಚಿನಲ್ಲಿ ಎರಡು ತುಂಡು ಎರೆದೆವು. ಒಂದು, ಸರಳು ಹಾಕಿ ಹತ್ತು ನಿಮಿಷಕ್ಕೆ. ಇನ್ನೊಂದು, ಒಂದೂವರೆ ಗಂಟೆ ಬಿಟ್ಟು, ತಳದಿಂದ ಕಲಕಿ. ಮೊದಲನೆಯದನ್ನು ಸೀಳಿದ್ದೇನೆ: ಬುಡದಿಂದ ತಲೆಯವರೆಗೆ ರವೆಯೇ, ರೈಸರಿನ ಕೆಳಗೆ ಮಾತ್ರ ತುಸು ದಪ್ಪ ರವೆ. ಎರಡನೆಯದು ಗರಗಸದ ಮೇಲಿದೆ. ಮಗಳು ಇದರ ಜೊತೆಗೆ ಕಲಕದೆ ಬಿಟ್ಟ ಮೂರನೆಯ ತುಂಡೊಂದು ಬೇಕು, ಇಲ್ಲದಿದ್ದರೆ ಹೋಲಿಕೆ ಪೂರ್ತಿಯಾಗುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಸೋಮವಾರ ಅದನ್ನೂ ಎರೆದು, ಮೂರರ ಚಿತ್ರಗಳನ್ನೂ ಇಲ್ಲಿಯೇ ಹಾಕುತ್ತೇನೆ.